ಈ ರಿಪೋರ್ಟು ಯಾರದು, ವಯಸ್ಸೆಷ್ಟು?

ನಮ್ಮೂರಿನ ವಾಕಿಂಗ್ ಬಳಗದವರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿದು. ಅಲ್ಲಿ ಬಾಯಿಗೆ ಬಂದ ಹಾಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಹೃದಯದ ಡಾಕ್ಟರ್ ಅಲ್ಲ, ಲ್ಯಾಬಿನವನು. ಇಪ್ಪತ್ತು ವರ್ಷದಿಂದ ಈ ಊರಿನವರ ರಕ್ತ ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ.

ರಿಪೋರ್ಟಿನ ಒಂದೇ ಅಂಕಿ ಗಂಡಸಿಗೆ ಒಂದು ಮಾತು ಹೇಳುತ್ತದೆ, ಹೆಂಗಸಿಗೆ ಇನ್ನೊಂದು, ವಯಸ್ಸು ಬದಲಾದರೆ ಮತ್ತೊಂದು. ಇವತ್ತಿನ ಮಾತು ಅದರದ್ದೇ. ಎರಡು ರಿಪೋರ್ಟುಗಳಿಂದ ಶುರು ಮಾಡೋಣ. ಎರಡೂ ನಮ್ಮ ಮನೆಯವರದೇ, ಕೇಳಿಯೇ ತಂದಿದ್ದೇನೆ. ನನ್ನ ಚಿಕ್ಕಮ್ಮನ ಮಗನಿಗೆ 52, ಅವನ ಹೆಂಡತಿಗೆ 49. ಒಂದೇ ಅಡುಗೆಮನೆ, ಒಂದೇ ಎಣ್ಣೆ ಡಬ್ಬ, ಇಬ್ಬರೂ ಒಂದೇ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರು. ಅವನ ಒಟ್ಟು ಕೊಲೆಸ್ಟ್ರಾಲ್ 196. ಅವಳದು 218. 200 ದಾಟಿದರೆ ರಿಪೋರ್ಟಿನಲ್ಲಿ ದಪ್ಪ ಅಕ್ಷರ ಬರುತ್ತದಲ್ಲ, ಅವಳ ಮೊದಲ ಸಾಲಿಗೇ ಅದು ಬಿದ್ದಿತ್ತು. ಇವನು ಮೊದಲ ಸಾಲು ನೋಡಿ ಕಾಗದ ಮಡಚಿ ಜೇಬಿಗಿಟ್ಟುಕೊಂಡ. 'ನೋಡು, ನಂದು ನಾರ್ಮಲ್ಲು, ನೀನೇ ಮಧ್ಯಾಹ್ನ ಟಿವಿ ಮುಂದೆ ಕೂತು ಕುರುಕಲು ತಿಂತೀಯ' ಅಂತ ಹೆಂಡತಿಗೆ ಪಾಠ ಬೇರೆ. ಅವಳು ಸಂಜೆ ನನಗೆ ಫೋನ್ ಮಾಡಿ, 'ಭಾವ, ನಾಳೆಯಿಂದ ತುಪ್ಪ ಬಿಟ್ಟುಬಿಡ್ಲಾ?' ಅಂದಳು.

ಇಬ್ಬರದೂ ಪೂರ್ತಿ ಕಳಿಸು ಅಂದೆ. ಕಳಿಸಿದಳು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಆ ಎಚ್‌ಡಿಎಲ್ ಅವನದು 34, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 230. ಅವಳ ಎಚ್‌ಡಿಎಲ್ 56, ಟ್ರೈಗ್ಲಿಸರೈಡ್ 110. ಈ ಅಂಕಿಗಳೆಲ್ಲ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಈಗ ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ತೆಗೆಯಿರಿ. ಅವನದು 196ರಲ್ಲಿ 34 ಹೋದರೆ 162. ಅವಳದು 218ರಲ್ಲಿ 56 ಹೋದರೆ 162.

ಒಂದೇ! ರಕ್ತನಾಳದ ಗೋಡೆಗೆ ಹೋಗಿ ಅಂಟಬಲ್ಲ ಸರಕೆಲ್ಲ ಈ 162ರಲ್ಲಿದೆ. ಇದಕ್ಕೆ ನಾನ್ ಎಚ್‌ಡಿಎಲ್ ಅನ್ನುತ್ತಾರೆ. ಸಾಮಾನ್ಯವಾಗಿ 130ರ ಒಳಗಿದ್ದರೆ ಒಳ್ಳೆಯದು. ಇದರ ಅನುಕೂಲ ಏನೆಂದರೆ ತಿಂಡಿ ತಿಂದು ಬಂದು ರಕ್ತ ಕೊಟ್ಟರೂ ಲೆಕ್ಕ ಹೆಚ್ಚುಕಡಿಮೆ ಕೆಡುವುದಿಲ್ಲ. ಅಂದರೆ ಗಂಡ ಹೆಂಡತಿ ಇಬ್ಬರೂ ಆ ವಿಷಯದಲ್ಲಿ ಒಂದೇ ದೋಣಿಯಲ್ಲಿದ್ದಾರೆ, ಮೇಲಾಗಿ ಗಂಡನ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ, ಹೊಟ್ಟೆ ಬೇರೆ ಮುಂದೆ ಬಂದಿದೆ. ಪಾಠ ಯಾರು ಯಾರಿಗೆ ಹೇಳಬೇಕಿತ್ತು?

ಹೆಂಗಸರ ಎಚ್‌ಡಿಎಲ್ ಸರಾಸರಿಯಲ್ಲಿ ಗಂಡಸರಿಗಿಂತ ಸುಮಾರು 10 ಅಂಕ ಮೇಲೆ ಇರುತ್ತದೆ. ಹಾಗಾಗಿ ಅವರ ಒಟ್ಟು ಕೊಲೆಸ್ಟ್ರಾಲೂ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. 'ಕಡಿಮೆ' ಅನ್ನುವ ಗೆರೆ ಗಂಡಸರಿಗೆ 40, ಹೆಂಗಸರಿಗೆ 50 ಅಂತ ಬೇರೆ ಬೇರೆ ಎಳೆದಿರುವುದೂ ಇದಕ್ಕೇ. ಆದರೆ ಎಷ್ಟೋ ರಿಪೋರ್ಟುಗಳಲ್ಲಿ ಇಬ್ಬರಿಗೂ 40 ಅಂತ ಒಂದೇ ಗೆರೆ ಇರುತ್ತದೆ. 44 ಬಂದ ಹೆಂಗಸು ನಾರ್ಮಲ್ ಅಂದುಕೊಂಡು ಮನೆಗೆ ಹೋಗುತ್ತಾಳೆ.

ಹುಟ್ಟುವಾಗ ಈ ವ್ಯತ್ಯಾಸ ಇರುವುದಿಲ್ಲ. ಎಂಟು ವರ್ಷದ ಹುಡುಗ ಹುಡುಗಿಯ ಎಚ್‌ಡಿಎಲ್ ಹತ್ತಿರ ಹತ್ತಿರ ಒಂದೇ. ಹುಡುಗನಿಗೆ ಮೀಸೆ ಚಿಗುರುವ ಕಾಲಕ್ಕೆ ಟೆಸ್ಟೊಸ್ಟೆರಾನ್ ಏರುತ್ತದೆ, ಅವನ ಎಚ್‌ಡಿಎಲ್ ಇಳಿಯುತ್ತದೆ. ಹುಡುಗಿಯದು ಅಷ್ಟು ಇಳಿಯುವುದಿಲ್ಲ. ದಾರಿ ಅಲ್ಲಿಂದ ಕವಲಾಗುತ್ತದೆ. ಜಿಮ್ಮಿನಲ್ಲಿ ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರ ರಕ್ತವೂ ನನ್ನ ಟೇಬಲ್ಲಿಗೆ ಬಂದಿದೆ. ತೋಳು ನೋಡಿದರೆ ಗದೆ, ಎಚ್‌ಡಿಎಲ್ ನೋಡಿದರೆ ಹದಿನೈದು ಹದಿನೆಂಟು. ಮೊದಲ ಸಲ ಮೆಷಿನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಮಾಡಿಸಿದ್ದೆ.

ಭಾರತದವರ ಕಥೆಯಲ್ಲಿ ಎಚ್‌ಡಿಎಲ್ ಮೊದಲಿಂದಲೂ ಬಡವ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 72 ಜನರ ಎಚ್‌ಡಿಎಲ್ ಕಡಿಮೆ ಇತ್ತು. ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ನೂರಕ್ಕೆ 14 ಮಾತ್ರ. ಹಾಗಾಗಿ ನಮ್ಮವರು ಮೊದಲ ಸಾಲು ನೋಡಿ ಕಾಗದ ಮಡಚಿದರೆ ಬಹಳ ಸಲ ಮೋಸ ಹೋಗುತ್ತಾರೆ.

ಈಗ ಆ ಚಿಕ್ಕಮ್ಮನ ಮಗನ ಹೆಂಡತಿ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಅವಳ ಹತ್ತಿರ ನಾಲ್ಕು ವರ್ಷದ ಹಿಂದಿನ ಕಾಗದ ಇತ್ತು. ಗಂಗಾವತಿ ಅಕ್ಕಿ ಚೀಲದ ರಸೀದಿಯನ್ನೂ ಫೈಲು ಮಾಡಿಡುವ ಹೆಂಗಸು ಅವಳು. ಆಗ ಒಟ್ಟು 190, ಎಚ್‌ಡಿಎಲ್ 58, ಟ್ರೈಗ್ಲಿಸರೈಡ್ 100. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಲೆಕ್ಕ ಹಾಕಲು ಫ್ರೀಡ್‌ವಾಲ್ಡ್ ಅನ್ನುವವರು 1972ರಲ್ಲಿ ಒಂದು ಸೂತ್ರ ಕೊಟ್ಟರು, ಬಹಳ ಲ್ಯಾಬುಗಳು ಇವತ್ತಿಗೂ ಅದನ್ನೇ ಹಾಕುವುದು: ಒಟ್ಟರಿಂದ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆ. ಆ ಪ್ರಕಾರ ಅವಳ ಎಲ್‌ಡಿಎಲ್ ಆಗ 112, ಈಗ 140. ನಾಲ್ಕು ವರ್ಷದಲ್ಲಿ 28 ಅಂಕ ಏರಿದೆ. ಎಣ್ಣೆ ಬದಲಾಗಿಲ್ಲ, ತೂಕ ಒಂದೂವರೆ ಕೇಜಿ ಜಾಸ್ತಿ. ಏನು ಬದಲಾಗಿದ್ದು?

ಮುಟ್ಟು ನಿಂತಿದೆ. ಹೋದ ವರ್ಷ.

ಸಭೆಯಲ್ಲಿ ಈ ಪದ ಹೇಳಿದಾಗ ಮುಂದಿನ ಸಾಲಿನ ಗಂಡಸರು ಫ್ಯಾನ್ ನೋಡಲು ಶುರು ಮಾಡಿದರು. ನೋಡಲಿ. ನಮ್ಮ ಲಿವರಿನ ಜೀವಕೋಶಗಳ ಮೇಲೆ ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವ ಕೊಕ್ಕೆಗಳಿವೆ. ಈಸ್ಟ್ರೊಜೆನ್ ಇದ್ದಾಗ ಆ ಕೊಕ್ಕೆಗಳು ಜಾಸ್ತಿ ಇರುತ್ತವೆ. ಈಸ್ಟ್ರೊಜೆನ್ ಇಳಿದರೆ ಕೊಕ್ಕೆ ಕಡಿಮೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಅಮೆರಿಕದಲ್ಲಿ ಸ್ವಾನ್ ಅಂತ ಒಂದು ಅಧ್ಯಯನ ಇದೆ, ನಲವತ್ತೆರಡರಿಂದ ಐವತ್ತೆರಡರ ಹೆಂಗಸರನ್ನು ಹಿಡಿದು ವರ್ಷ ವರ್ಷ ರಕ್ತ ನೋಡುತ್ತಾ ಬಂದರು. ವಯಸ್ಸಿನ ಜೊತೆ ನಿಧಾನಕ್ಕೆ ಏರುವ ಅಂಕಿಗಳು ಒಂದು ಕಡೆ ಇದ್ದವು. ಆದರೆ ಎಲ್‌ಡಿಎಲ್ ಹಾಗೆ ಏರಲಿಲ್ಲ, ಕೊನೆಯ ಮುಟ್ಟಿನ ಹಿಂದೆ ಮುಂದೆ ಒಂದು ವರ್ಷದ ಅವಧಿಯಲ್ಲಿ ಮೆಟ್ಟಿಲು ಹತ್ತಿದ ಹಾಗೆ ಏರಿತು. 2009ರಲ್ಲಿ ಇದನ್ನು ಪ್ರಕಟಿಸಿದರು. ಅವಳದು ಅದೇ ಮೆಟ್ಟಿಲು. ತುಪ್ಪದ ಮೇಲೆ, ಮಧ್ಯಾಹ್ನದ ಕುರುಕಲಿನ ಮೇಲೆ ಎಲ್ಲಾ ತಪ್ಪು ಹೊರಿಸಿ ಕೂರುವ ಹಾಗಿಲ್ಲ. ಹಾಗಂತ ವಯಸ್ಸಿನದು ಅಂತ ಬಿಡುವ ಹಾಗೂ ಇಲ್ಲ, ಯಾಕೆ ಏರಿದರೂ ರಕ್ತನಾಳಕ್ಕೆ ಎಲ್‌ಡಿಎಲ್ ಎಲ್‌ಡಿಎಲ್ಲೇ. ಥೈರಾಯ್ಡ್ ನಿಧಾನವಾದರೂ ಎಲ್‌ಡಿಎಲ್ ಹೀಗೇ ಏರುತ್ತದೆ, ಅದೂ ಈ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ, ಅದಕ್ಕೆ ಒಂದು ಟಿಎಸ್‌ಎಚ್ ಮಾಡಿಸು ಅಂದೆ. ಸರಿಯಾಗಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಮೂವತ್ತೈದು ನಲವತ್ತಕ್ಕೆಲ್ಲ 'ಗರ್ಭಕೋಶ ತೆಗೆಸಿಬಿಟ್ಟೆ' ಅನ್ನುವವರು ಎಷ್ಟೊಂದು ಜನ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಆ ಮೆಟ್ಟಿಲು ಹತ್ತು ಹದಿನೈದು ವರ್ಷ ಮುಂಚೆಯೇ ಬರುತ್ತದೆ, ಒಂದೇ ದಿನದಲ್ಲಿ. ಆಮೇಲೆ ಅವರ ಕೊಲೆಸ್ಟ್ರಾಲ್ ನೋಡುವವರು ಯಾರೂ ಇಲ್ಲ. ಏನೇನು ತೆಗೆದರು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತಾರೆ, ಹುಡುಕಿ ಓದಿಸಿಕೊಳ್ಳಿ.

'ಹಾಗಾದ್ರೆ ಆ ಹಾರ್ಮೋನನ್ನೇ ಮಾತ್ರೆಯಲ್ಲಿ ತಗೊಂಡ್ರೆ ಆಯ್ತಲ್ಲ?' ಒಬ್ಬ ಮೇಡಂ ಕೇಳಿದರು. ಇದೇ ಯೋಚನೆ ಡಾಕ್ಟರುಗಳಿಗೂ ಬಂದಿತ್ತು, ಮತ್ತು ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇದು. ಮೊದಲು ಗಂಡಸರಿಗೇ ಕೊಟ್ಟು ನೋಡಿದರು! ಅಮೆರಿಕದಲ್ಲಿ 1960ರ ದಶಕದಲ್ಲಿ ಶುರುವಾದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಹೃದಯಾಘಾತವಾಗಿ ಬದುಕಿದ ಗಂಡಸರಿಗೆ ದಿನಾ ಈಸ್ಟ್ರೊಜೆನ್ ಮಾತ್ರೆ. ಹೆಂಗಸರಿಗೆ ಹೃದಯಾಘಾತ ತಡವಾಗಿ ಬರುತ್ತದೆ, ಅವರಲ್ಲಿರುವುದನ್ನು ಇವರಿಗೂ ಕೊಡೋಣ ಅನ್ನುವ ಲೆಕ್ಕ. ಜಾಸ್ತಿ ಡೋಸಿನ ಗುಂಪಿನಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ 1970ರಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ಹೆಂಗಸರ ಸರದಿ. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ಪ್ರಯೋಗದಲ್ಲಿ ಮುಟ್ಟು ನಿಂತ 16,608 ಹೆಂಗಸರು ಇದ್ದರು, ಅರ್ಧ ಜನಕ್ಕೆ ಹಾರ್ಮೋನ್ ಮಾತ್ರೆ, ಉಳಿದರ್ಧಕ್ಕೆ ಸುಮ್ನೆ ಹೆಸರಿಗೊಂದು ಮಾತ್ರೆ. ಹಾರ್ಮೋನ್ ತಗೊಂಡವರ ರಕ್ತ ನೋಡಿದರೆ ಲ್ಯಾಬಿನವನಿಗೆ ಹಬ್ಬ: ಎಲ್‌ಡಿಎಲ್ ಇಳಿದಿದೆ, ಎಚ್‌ಡಿಎಲ್ ಏರಿದೆ. ಹೃದಯಾಘಾತ? ಕಡಿಮೆ ಆಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು.

ಯಾಕೆ ಹೀಗೆ? ಬಾಯಿಂದ ನುಂಗಿದ ಈಸ್ಟ್ರೊಜೆನ್ ನೇರ ಲಿವರಿಗೆ ಹೋಗಿ ಟ್ರೈಗ್ಲಿಸರೈಡನ್ನೂ ಏರಿಸುತ್ತದೆ, ಸಿಆರ್‌ಪಿ ಅನ್ನುವ ಉರಿಯೂತದ ಗುರುತನ್ನೂ ಏರಿಸುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವನ್ನೂ ಜಾಸ್ತಿ ಮಾಡುತ್ತದೆ. ಮೇಲಾಗಿ ಆ ಹೆಂಗಸರ ಸರಾಸರಿ ವಯಸ್ಸು 63, ರಕ್ತನಾಳದಲ್ಲಿ ಆಗಲೇ ಕೊಬ್ಬು ಕೂತಿರುವ ವಯಸ್ಸು. ಐವತ್ತರ ಆಸುಪಾಸಿನಲ್ಲಿ ಶುರು ಮಾಡುವವರ ಲೆಕ್ಕ ಬೇರೆ ಅಂತ ಆಮೇಲೆ ಗೊತ್ತಾಯಿತು. ಮೈ ಬಿಸಿಯೇರುವುದು, ಬೆವರುವುದು ತಡೆಯಲು ಡಾಕ್ಟರ್ ಕೊಟ್ಟರೆ ತಗೊಳ್ಳಿ, ಅದು ಬೇರೆ ಮಾತು. ಕೊಲೆಸ್ಟ್ರಾಲಿಗೆ ಅಂತ ಮಾತ್ರ ಬೇಡ.

ಗಂಡಸರ ಕಡೆ ಬರೋಣ. ಗಂಡಸಿಗೆ ಮೆಟ್ಟಿಲಿಲ್ಲ, ಇಳಿಜಾರು. ಇಪ್ಪತ್ತೈದರಿಂದ ಟ್ರೈಗ್ಲಿಸರೈಡ್ ನಿಧಾನಕ್ಕೆ ಏರುತ್ತಾ ನಲವತ್ತು ಐವತ್ತರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಹೆಂಗಸರದು ಅರವತ್ತರ ಆಚೆಗೂ ಏರುತ್ತಲೇ ಇರುತ್ತದೆ. ಗಂಡಸರ ಕೊಬ್ಬು ಮೊದಲೇ ಹೊಟ್ಟೆಯೊಳಗೆ ಕೂರುತ್ತದೆ, ಹೆಂಗಸರದು ಸೊಂಟ ತೊಡೆಯಲ್ಲಿ. ತೊಡೆಯ ಕೊಬ್ಬು ಹೆಚ್ಚು ತೊಂದರೆ ಕೊಡುವುದಿಲ್ಲ, ಹೊಟ್ಟೆಯೊಳಗಿನ ಕೊಬ್ಬು ನೇರ ಲಿವರಿಗೆ ಸರಬರಾಜು ಮಾಡುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬೂ ಹೊಟ್ಟೆಗೆ ಬರುತ್ತದೆ. ತೂಕದ ಮೆಷಿನ್ನಿಗೆ ಅದು ಗೊತ್ತಾಗುವುದಿಲ್ಲ, ಸೀರೆಯ ನೆರಿಗೆ ಲೆಕ್ಕಕ್ಕೆ ಗೊತ್ತಾಗುತ್ತದೆ, ಎಂಟು ಬರುತ್ತಿದ್ದದ್ದು ಆರಾಗುತ್ತದೆ.

ನಮ್ಮವರಿಗೆ ಸೊಂಟದ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಯೂರೋಪಿನವರಿಗಿಂತ ಕಡಿಮೆ ಇಟ್ಟಿದ್ದಾರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ ಪಕ್ಕಪಕ್ಕ ನಿಂತ ಒಂದು ಫೋಟೊ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ 9, ನಮ್ಮ ಯಾಜ್ಞಿಕರಿಗೆ 21. ತೆಳ್ಳಗಿದ್ದೀನಿ ಅಂತ ಬೀಗುವ ಗಂಡಸರಿಗೆ ನಾನು ಯಾವಾಗಲೂ ಈ ಫೋಟೊ ತೋರಿಸುತ್ತೇನೆ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಆಗುತ್ತಿತ್ತು. ದಕ್ಷಿಣ ಏಷ್ಯಾದವರಿಗೆ ಮಾತ್ರ ಇಬ್ಬರನ್ನೂ ಸೇರಿಸಿ ಲೆಕ್ಕ ಹಾಕಿದರೆ 53ರ ಹೊತ್ತಿಗೇ ಬರುತ್ತಿತ್ತು, ಉಳಿದವರಿಗೆ 59ರ ಹತ್ತಿರ. ಅಪ್ಪು 46ಕ್ಕೆ ಹೋದಾಗ, 2021ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಜಯದೇವದ ಮುಂದೆ ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ನನ್ನ ಲ್ಯಾಬಿನಲ್ಲೂ ಆ ವಾರ ಬಂದವರೆಲ್ಲ ಗಂಡಸರೇ. ಹೆಂಡತಿಯರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಆ ಒಂಬತ್ತು ವರ್ಷದ ರಿಯಾಯಿತಿಯನ್ನು ಹೆಂಗಸರಿಂದ ಕಿತ್ತುಕೊಳ್ಳುವುದು ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆ ಇದ್ದರೆ ಇಬ್ಬರಿಗೂ ಹೃದಯದ ಅಪಾಯ ಏರುತ್ತದೆ, ಆದರೆ ಎಷ್ಟು ಪಟ್ಟು ಅಂತ ನೋಡಿದರೆ ಹೆಂಗಸರದು ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2014ರಲ್ಲಿ ಬಂದ ಲೆಕ್ಕದಲ್ಲಿ ಈ ಏರಿಕೆ ಗಂಡಸರಿಗಿಂತ ಹೆಂಗಸರಲ್ಲಿ ನೂರಕ್ಕೆ 44ರಷ್ಟು ಹೆಚ್ಚು. ಬಸುರಿಯಾಗಿದ್ದಾಗ ಶುಗರ್ ಬಂದು ಹೆರಿಗೆಯಾದ ಮೇಲೆ ಹೋದವರು 'ಹೋಯ್ತಲ್ಲ' ಅಂತ ಮರೆತುಬಿಡುತ್ತಾರೆ. ಮರೆಯಬೇಡಿ, ವರ್ಷಕ್ಕೊಮ್ಮೆಯಾದರೂ ನೋಡಿಸಿ.

ಶುಗರ್ ಅಳೆಯುವುದರಲ್ಲೂ ಗಂಡು ಹೆಣ್ಣಿನ ಜಗಳ ಇದೆ. ಖಾಲಿ ಹೊಟ್ಟೆಯ ಶುಗರ್ ಗಂಡಸರಿಗೆ ಸ್ವಲ್ಪ ಜಾಸ್ತಿ ಬರುತ್ತದೆ, ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಯಾದ ಮೇಲಿನದು ಹೆಂಗಸರಿಗೆ ಜಾಸ್ತಿ. ಒಂದು ಕಾರಣ ಬಹಳ ಸರಳ. ಆರಡಿ ಗಂಡಸಿಗೂ ಐದಡಿ ಹೆಂಗಸಿಗೂ ಕುಡಿಸುವುದು ಒಂದೇ 75 ಗ್ರಾಂ. ಅದನ್ನು ಹೀರಿಕೊಳ್ಳುವ ಸ್ನಾಯು ಅವಳಲ್ಲಿ ಕಡಿಮೆ. ಹಾಗಾಗಿ ಖಾಲಿ ಹೊಟ್ಟೆಯದು ಮಾತ್ರ ನೋಡಿದರೆ ಕೆಲವು ಹೆಂಗಸರ ಶುಗರ್ ತಪ್ಪಿಸಿಕೊಂಡು ಹೋಗುತ್ತದೆ.

ಮೂರು ತಿಂಗಳ ಸರಾಸರಿ ಅನ್ನುವ ಎಚ್‌ಬಿಎ1ಸಿ ಮಾಡಿಸಿದರೆ ಮುಗಿಯಿತಲ್ಲ ಅನ್ನಬಹುದು. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ, ಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣ ಕಡಿಮೆಯಾದ ರಕ್ತಹೀನತೆಯಲ್ಲಿ ಈ ಅಂಕಿ ಸುಮ್ಮನೆ ಮೇಲೆ ಹೋಗುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ಜನಕ್ಕೆ ರಕ್ತಹೀನತೆ. ಅರ್ಧ ಅಂದುಕೊಳ್ಳಿ. ಎಚ್‌ಬಿಎ1ಸಿ 5.9 ಬಂದು ಗಾಬರಿಯಾದ ಮೂವತ್ತೆಂಟು ವರ್ಷದ ಟೀಚರ್ ಒಬ್ಬರು ಬಂದಿದ್ದರು, ಅನ್ನ ಬಿಟ್ಟು ಒಂದು ತಿಂಗಳಾಗಿತ್ತು. ಹಿಮೋಗ್ಲೋಬಿನ್ ನೋಡಿದರೆ 8.6. ನಿಮ್ಮ ಡಾಕ್ಟರಿಗೆ ಮೊದಲು ಇದನ್ನು ತೋರಿಸಿ, ಆಮೇಲೆ ಅದನ್ನು ನೋಡೋಣ ಅಂದೆ. ಕಬ್ಬಿಣದ ಮಾತ್ರೆ ನುಂಗಿ ಆರು ತಿಂಗಳಾದ ಮೇಲೆ 5.4. ಅನ್ನ ವಾಪಸ್ ಬಂದಿತ್ತು. ಇನ್ನೊಂದು, ಶುಗರ್ ಇಲ್ಲದವರಲ್ಲೂ ವಯಸ್ಸಾದ ಹಾಗೆ ಈ ಅಂಕಿ ಚೂರು ಚೂರೇ ಏರುತ್ತದೆ. ಎಪ್ಪತ್ತೈದರ ಅಜ್ಜಿಯ 5.8 ಮತ್ತು ಇಪ್ಪತ್ತೆಂಟರ ಸಾಫ್ಟ್‌ವೇರ್ ಹುಡುಗನ 5.8 ಒಂದೇ ಅಲ್ಲ. ಹುಡುಗನ ವಿಷಯದಲ್ಲಿ ನನಗೆ ಭಯ ಜಾಸ್ತಿ, ಅವನ ಮುಂದೆ ಇನ್ನೂ ಐವತ್ತು ವರ್ಷ ಇದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಯೂರಿಕ್ ಆಸಿಡ್ ಗಂಡಸರಿಗೆ 7, ಹೆಂಗಸರಿಗೆ 6ರ ಒಳಗಿರಬೇಕು. ಈಸ್ಟ್ರೊಜೆನ್ ಅದನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತಿರುತ್ತದೆ, ಐವತ್ತು ದಾಟಿದ ಮೇಲೆ ಆ ಸಹಾಯ ಇಲ್ಲ. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿಗೆ ನನ್ನ ಲ್ಯಾಬಿನ ರಿಪೋರ್ಟಿನಲ್ಲೇ ಎಷ್ಟೋ ವರ್ಷ ಎಲ್ಲರಿಗೂ 40ರವರೆಗೆ ನಾರ್ಮಲ್ ಅಂತ ಅಚ್ಚು ಹಾಕಿಸಿದ್ದೆ. ಇಟಲಿಯಲ್ಲಿ ನಿಜವಾಗಿ ಆರೋಗ್ಯವಾಗಿರುವವರನ್ನೇ ಆರಿಸಿ 2002ರಲ್ಲಿ ಲೆಕ್ಕ ಹಾಕಿದಾಗ ಗಂಡಸರಿಗೆ 30, ಹೆಂಗಸರಿಗೆ 19 ಬಂದಿತ್ತು. ನನಗೆ ಅದು ಗೊತ್ತಾಗಿದ್ದು ತಡವಾಗಿ. ಆ ವರ್ಷಗಳಲ್ಲಿ ಎಷ್ಟು ಜನ ಹೆಂಗಸರ ಕೊಬ್ಬಿದ ಲಿವರನ್ನು 'ನಾರ್ಮಲ್' ಅಂತ ಕವರಿಗೆ ಹಾಕಿ ಕೊಟ್ಟೆನೋ.

ಕ್ರಿಯಾಟಿನಿನ್ ಮಾತ್ರ ಬೋರ್ಡಿನ ಮೇಲೆ ಬರೆದು ತೋರಿಸಿದೆ, ಯಾಕೆಂದರೆ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಈ ವಿಷಯವನ್ನು ಹೇಳುವುದಿಲ್ಲ. ಅದು ಸ್ನಾಯುವಿನಿಂದ ಬರುವ ಕಸ, ಕಿಡ್ನಿ ಹೊರಗೆ ಹಾಕುತ್ತದೆ. ಮೂವತ್ತರ ಗಟ್ಟಿ ಗಂಡಸಿಗೆ 1.1 ಬಂತು. ಅರವತ್ತೈದರ ಹೆಂಗಸಿಗೂ 1.1 ಬಂತು. ವಯಸ್ಸು, ಗಂಡು ಹೆಣ್ಣು ಹಾಕಿ ಲೆಕ್ಕ ಮಾಡುವ 2021ರ ಸೂತ್ರಕ್ಕೆ ಹಾಕಿದರೆ ಅವನ ಕಿಡ್ನಿಯ ಸೋಸುವ ಅಳತೆ 93, ಅವಳದು 56. ಅರವತ್ತಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದು ಕಿಡ್ನಿ ಕಾಯಿಲೆ ಅಂತಲೇ ಲೆಕ್ಕ, ಹೃದಯದ ಅಪಾಯವೂ ಜೊತೆಗೇ ಏರುತ್ತದೆ. ಒಂದೇ 1.1, ಒಬ್ಬನಿಗೆ ಏನೂ ಇಲ್ಲ, ಇನ್ನೊಬ್ಬಳು ಡಾಕ್ಟರ ಹತ್ತಿರ ಹೋಗಬೇಕು.

ವಯಸ್ಸಿಗೂ ಲಿಂಗಕ್ಕೂ ಹೆಚ್ಚು ಬಗ್ಗದ ಒಂದು ಅಂಕಿಯೂ ಇದೆ, ಲೈಪೊಪ್ರೊಟೀನ್ ಎ, ಎಲ್‌ಡಿಎಲ್‌ನಂಥದೇ ಒಂದು ಕಣ. ಬಹುಪಾಲು ಅಪ್ಪ ಅಮ್ಮನಿಂದ ಬಂದದ್ದು, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸ್ವಲ್ಪ ಏರುತ್ತದೆ ಅಷ್ಟೇ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರಿದ್ದರೆ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಪ್ಯಾಕೇಜಿನಲ್ಲಿ ವರ್ಷ ವರ್ಷ ಸೇರಿಸಿ ದುಡ್ಡು ಕೇಳಿದರೆ ಬೇಡ ಅನ್ನಿ.

ಮಾತು ಮುಗಿಯುವಾಗ ಹಿಂದಿನ ಸಾಲಿನಿಂದ ಎಪ್ಪತ್ತನಾಲ್ಕು ವರ್ಷದ ಹಿರಿಯರೊಬ್ಬರು ಎದ್ದು ನಿಂತರು. ಪ್ಲಾಸ್ಟಿಕ್ ಕವರಿನಲ್ಲಿ ಐದು ವರ್ಷದ ರಿಪೋರ್ಟುಗಳು. 'ಸಾರ್, ನಂದು ನೋಡಿ. 210 ಇತ್ತು, ಈಗ 138. ಮಾತ್ರೆ ಇಲ್ಲ, ಪಥ್ಯ ಇಲ್ಲ. ಬರೀ ವಾಕಿಂಗು!' ಚಪ್ಪಾಳೆ ಬಿತ್ತು. ನಾನು ಕಾಗದ ಇಸ್ಕೊಂಡು ತಾರೀಖು ನೋಡಿದೆ. ನಾಲ್ಕು ವರ್ಷ 210ರ ಆಸುಪಾಸು, ಕೊನೆಯ ಎಂಟು ತಿಂಗಳಲ್ಲಿ ಮಾತ್ರ ಈ ಇಳಿತ. ಎಪ್ಪತ್ತು ದಾಟಿದ ಮೇಲೆ ಕೊಲೆಸ್ಟ್ರಾಲ್ ತಾನಾಗೇ ಸ್ವಲ್ಪ ಇಳಿಯುವುದುಂಟು. ಎಂಟು ತಿಂಗಳಲ್ಲಿ 70 ಅಂಕ ಅಲ್ಲ. ತೂಕ ಏನಾದರೂ ಕಮ್ಮಿ ಆಗಿದೆಯಾ ಅಂತ ಕೇಳಿದೆ. 'ಆಗಿದೆ ಆಗಿದೆ, ಹೊಟ್ಟೆ ಕರಗಿದೆ' ಅಂತ ಖುಷಿಯಿಂದ ಶರ್ಟ್ ಎತ್ತಿ ಬೆಲ್ಟ್ ತೋರಿಸಿದರು. ಕಂಪನಿಯವರು ಮಾಡಿದ ತೂತುಗಳೆಲ್ಲ ಮುಗಿದು, ಆಚೆಗೆ ಮನೆಯಲ್ಲೇ ಮೊಳೆ ಕಾಯಿಸಿ ಚುಚ್ಚಿದ ಎರಡು ತೂತುಗಳಿದ್ದವು. ಊಟ ಹೇಗೆ ಸೇರುತ್ತೆ ಅಂತ ಕೇಳಿದೆ. ಉತ್ತರ ಪಕ್ಕದಲ್ಲಿದ್ದ ಅವರ ಹೆಂಡತಿ ಕೊಟ್ಟರು. 'ಒಂದು ಚಪಾತಿ ತಿಂದ್ರೆ ಹೆಚ್ಚು.'

ಮೈಕ್ ಕೆಳಗಿಟ್ಟು ಅವರಿಬ್ಬರನ್ನೂ ಪಕ್ಕಕ್ಕೆ ಕರೆದುಕೊಂಡು ಹೋದೆ. ಸೋಮವಾರ ಬೆಳಿಗ್ಗೆಯೇ ಮಗನ ಜೊತೆ ಡಾಕ್ಟರ ಹತ್ತಿರ ಹೋಗಿ, ಈ ಕವರ್ ಪೂರ್ತಿ ತಗೊಂಡು ಹೋಗಿ, ಆ ಬೆಲ್ಟನ್ನೇ ಹಾಕಿಕೊಂಡು ಹೋಗಿ ಅಂದೆ.